ಅಕ್ಕನ ಕಂಪ್ಯೂಟರಿಗೊಂದು ಪವರ್ ಸಪ್ಲೈ

ಮನೆ, ಹಿಂದಿನ ಕೋಣೆ
ಭಾನುವಾರ, ಅಕ್ಟೋಬರ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಒಡೆದ ಹಿಮ್ಮಡಿ ವಾಸಿಯಾಯಿತೇ? ಅಮ್ಮ ಕಳಿಸಿದ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಎಂದಿನಂತೆ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ "ಹಚ್ಕೊಂಡೆ ಹಚ್ಕೊಂಡೆ" ಎಂದು ಫೋನಿನಲ್ಲಿ ಸಾಗ ಹಾಕುತ್ತಿದ್ದೀಯೋ? ಇಡೀ ದಿನ ಗಾಳಿಯ ವೇಗ ಅಳೆಯುವವಳು ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಿನ್ನ ಜೊತೆಗಾರರು, ಅದೇ ನೀನು ಬ್ಯಾರೋಮೀಟರ್ ಎಂದು ಹೆಸರಿಟ್ಟವರು, ಮಳೆಗೆ ಮುಂಚೆ ಈಗಲೂ ಜೋರಾಗಿ ಗೊರಕೆ ಹೊಡೆಯುತ್ತಾರಾ? ಅಪ್ಪನಿಗೆ ಆ ಸುದ್ದಿ ಬಹಳ ಸಮಾಧಾನ ಕೊಟ್ಟಿದೆ. "ನೋಡು, ನನ್ನ ಗೊರಕೆಗೂ ಒಂದು ವಿಜ್ಞಾನ ಇದೆ" ಎಂದು ಅಮ್ಮನಿಗೆ ದಿನಾ ಹೇಳುತ್ತಾನೆ. ಅಮ್ಮ, "ಇರೋದಾದ್ರೆ ಬೆಟ್ಟದ ಮೇಲೆ ಕೆಲಸ ಕೇಳಿ, ಹೋಗಿ" ಎನ್ನುತ್ತಾಳೆ. ನಾವೆಲ್ಲ ಆರೋಗ್ಯ. ನಾನು ಇನ್ನೂ ಆ ಮುದ್ರಣಾಲಯದಲ್ಲೇ ಕರಪತ್ರ ಮಡಚುತ್ತಿದ್ದೇನೆ. ಮಡಚುವಾಗ ಕಣ್ಣಿಗೆ ಬಿದ್ದ ಪುಟಗಳನ್ನು ಓದುತ್ತೇನೆ, ಬೀಳದ ಪುಟಗಳನ್ನು ಊಹಿಸಿಕೊಳ್ಳುತ್ತೇನೆ. ನನ್ನ ವಿದ್ಯಾಭ್ಯಾಸ ಹೀಗೆ ಸಾಗಿದೆ.

ನಿನ್ನ ಕಾಗದವನ್ನು ಅಮ್ಮ ಊಟದ ಮೇಜಿನ ಮುಂದೆ ಗಟ್ಟಿಯಾಗಿ ಓದಿದಳು. ನೀನು ಎರಡು ಕೆಲಸ ಹೇಳಿದ್ದೆ. ನಿನ್ನ ಹಳೆಯ ಕಂದು ಕಂಪ್ಯೂಟರಿಗೆ ಒಂದು ಒಳ್ಳೆಯ ಪವರ್ ಸಪ್ಲೈ ಆರಿಸಬೇಕು. ನಿಮ್ಮ ಹವಾಮಾನ ಕೇಂದ್ರದ ಜನರೇಟರ್ ಕರೆಂಟು ಕುಡುಕನ ಹಾಗೆ ಓಲಾಡುವುದರಿಂದ ಅದನ್ನೂ ತಾಳುವಂಥದ್ದನ್ನು ನೋಡಬೇಕು. ಆಮೇಲೆ ಎರಡನ್ನೂ ಕಟ್ಟಿ, ದಾರಿ ಮುಚ್ಚುವ ಮುನ್ನ ಬೆಟ್ಟ ಹತ್ತುವ ಕೊನೆಯ ಸಾಮಾನಿನ ಲಾರಿಯಲ್ಲಿ ನಿನಗೆ ಕಳಿಸಬೇಕು. ಅಮ್ಮ ಓದಿ ಮುಗಿಸಿರಲಿಲ್ಲ, ಅಜ್ಜಿ ನಡುವೆಯೇ ಹೇಳಿಬಿಟ್ಟಳು: "ಕಳಿಸ್ಬಿಡಿ. ಅದು ಅವಳದ್ದು. ಚಳಿಗಾಲ ಪೂರ್ತಿ ಆ ಹುಡುಗಿ ಬರೀ ಮೋಡ ನೋಡ್ಕೊಂಡು ಕೂತಿರ್ಬೇಕಾ?" ಹಾಗೆಂದವಳೇ ಎದ್ದು ಹೋಗಿ ತಟ್ಟೆಗಳನ್ನು ತೊಳೆಯತೊಡಗಿದಳು. ಅಜ್ಜಿ ತಾನಾಗಿ ಹೋಗಿ ತಟ್ಟೆ ತೊಳೆಯುವುದು ಎಂಥ ಹೊತ್ತಿನಲ್ಲಿ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ನಲ್ಲಿ ನಿಲ್ಲಿಸಿದ ಮೇಲೆ ಒಂದೇ ಮಾತು ಸೇರಿಸಿದಳು: "ಶನಿವಾರ ಒಂದು ಮುಗೀಲಿ. ಆಮೇಲೆ ಕಟ್ಟಿ."

ಶನಿವಾರ ಏನು ಎಂದು ನಿನಗೆ ಗೊತ್ತಿಲ್ಲ. ಶುಕ್ರವಾರದ ನಿನ್ನ ಕರೆ ಬಂದಾಗ ನಾಲ್ಕು ಜನ ಒಂದೇ ಫೋನಿಗೆ ಮುತ್ತಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ನುಂಗಿ, ಕೊನೆಗೆ ನಿನಗೆ ಸಿಕ್ಕುವುದು ಬರೀ ಗದ್ದಲ. ಅಜ್ಜಿ ನೃತ್ಯದ ಸಭಾಂಗಣದ ವಾದ್ಯಮೇಳದಲ್ಲಿ ಪಿಯಾನೊ ನುಡಿಸಿದವಳು. ಬಲಗೈ ಬೆರಳುಗಳು ಗಂಟು ಕಟ್ಟಿದ ಮೇಲೆ ಪಿಯಾನೊದ ಮುಚ್ಚಳ ಹಾಕಿ, ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಪೇರಿಸಿಟ್ಟವಳು. ನೀನು ಹೊರಡುವ ಮುಂಚೆ ತಮಾಷೆಗೆ ಅವಳಿಗೆಂದು ಒಂದು ಪ್ರೋಗ್ರಾಂ ಬರೆದು ಕೊಟ್ಟಿದ್ದೆಯಲ್ಲ, ಒಂದೇ ಬೆರಳಿನಿಂದ ಒಂದೊಂದೇ ಸ್ವರ ಒತ್ತಿಟ್ಟರೆ ಕಂಪ್ಯೂಟರ್ ಮೂರು ದನಿಯಲ್ಲಿ ಕೂಡಿಸಿ ನುಡಿಸುತ್ತದಲ್ಲ, ಅದನ್ನು ಅಜ್ಜಿ ತಮಾಷೆಗೆ ತೆಗೆದುಕೊಳ್ಳಲಿಲ್ಲ ಅಕ್ಕಾ. ನೀನು ಬೆಟ್ಟ ಹತ್ತಿದ ವಾರದಿಂದಲೇ ಬೆಳಗ್ಗೆ ಕನ್ನಡಕ ಒರೆಸಿಕೊಂಡು ಅದರ ಮುಂದೆ ಕೂರುತ್ತಾಳೆ. ಹಳೆಯ ಹಾಡುಗಳನ್ನೆಲ್ಲ ಒಂದೊಂದಾಗಿ ಒತ್ತಿಟ್ಟಿದ್ದಾಳೆ. ಯಂತ್ರ ತಪ್ಪು ನುಡಿಸಿದರೆ "ಏ ದಡ್ಡ" ಎನ್ನುತ್ತಾಳೆ, ಆಮೇಲೆ ತಪ್ಪು ತನ್ನದೇ ಎಂದು ಗೊತ್ತಾದರೆ ಯಾರೂ ನೋಡಲಿಲ್ಲವಷ್ಟೇ ಎಂದು ಹಿಂದಕ್ಕೆ ತಿರುಗುತ್ತಾಳೆ. ಆ ಮೇಳದಲ್ಲಿ ಈಗ ಉಳಿದಿರುವವರು ಇನ್ನಿಬ್ಬರೇ, ಡ್ರಮ್ಮಿನವರು ಮತ್ತು ಕ್ಲಾರಿನೆಟ್ಟಿನವರು. ಒಂದು ದಿನ ಅವರು ಮನೆಗೆ ಬಂದು ಕೇಳಿದರು. ಕ್ಲಾರಿನೆಟ್ಟಿನವರು ಚಹಾದ ಲೋಟ ಕೆಳಗಿಟ್ಟು, "ಇದು ನಿಮ್ಮ ಎಡಗೈ ಅಲ್ವಾ! ಈ ಬಾರಿಸೋ ರೀತಿ ನನಗೆ ನಿದ್ದೇಲೂ ಗೊತ್ತು" ಎಂದರು. ಅಷ್ಟೇ ಸಾಕಾಯಿತು. ಈಜುಕೊಳದ ಪಕ್ಕದ ಸಭಾಂಗಣವನ್ನು ಶನಿವಾರ ಸಂಜೆಗೆ ಹಿಡಿದರು. ಅವರಿಬ್ಬರು ಕೈಯಲ್ಲಿ ನುಡಿಸುವುದು, ಅಜ್ಜಿಯ ಪಾಲನ್ನು ನಿನ್ನ ಕಂದು ಪೆಟ್ಟಿಗೆ ನುಡಿಸುವುದು. ಅಷ್ಟರಲ್ಲಿ ಬಂತು ನಿನ್ನ ಕಾಗದ.

ಹಳೆಯ ಪವರ್ ಸಪ್ಲೈಯನ್ನು ಇನ್ನು ಒಂದು ದಿನವೂ ಬಳಸಬೇಡಿ ಎಂದು ನೀನು ಬರೆದದ್ದು ಮರುದಿನ ಬೆಳಗ್ಗೆ ನಾನು ಕಾಗದವನ್ನು ಇನ್ನೊಮ್ಮೆ ಓದುವಾಗ ಕಣ್ಣಿಗೆ ಬಿತ್ತು, ಓಡಿ ಹೋಗಿ ಪ್ಲಗ್ ಕಿತ್ತೆ. ಹಾಡು ಒತ್ತುತ್ತಿದ್ದ ಅಜ್ಜಿ, "ಏನಮ್ಮಾ, ನಡುವೆ ಉಸಿರು ಕಟ್ಟಿಸ್ತೀಯ" ಎಂದು ಬೈದಳು. ಆದರೆ ಕೈಯಿಟ್ಟು ನೋಡಿದರೆ ಇಟ್ಟಿಗೆಯಂಥ ಆ ಕರಿ ಸಪ್ಲೈ ರೊಟ್ಟಿ ಸುಡುವಷ್ಟು ಬಿಸಿಯಾಗಿತ್ತು. ನೀನು ಹೊರಡುವ ಮುನ್ನ ಆ ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸಿದೆ, ವೇಗದ ಬೋರ್ಡು ಕೂರಿಸಿದೆ, ಫ್ಲಾಪಿಯ ಜಾಗಕ್ಕೆ ಕಾರ್ಡು ಹಾಕಿದೆ; ಎಲ್ಲಕ್ಕೂ ಉಣ್ಣಿಸಬೇಕಾದದ್ದು ಮಾತ್ರ ಅದು ಹುಟ್ಟಿದ ದಿನ ಜೊತೆಗೆ ಬಂದ ಅದೇ ಇಟ್ಟಿಗೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮಜ್ಜಿಗೆ ಸಾಲದೆ ಹೋದರೆ ಹಸಿವು, ಅಷ್ಟೇ. ಆದರೆ ವಯಸ್ಸಾದ ಈ ಇಟ್ಟಿಗೆಗಳು ಕೆಡುವಾಗ ಐದು ವೋಲ್ಟ್ ಕೊಡುವ ಕಡೆ ಏಳೋ ಎಂಟೋ ಸುರಿದುಬಿಡುತ್ತವೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್ಪುಗಳು ಒಂದೇ ಏಟಿಗೆ ಸುಟ್ಟುಹೋಗುತ್ತವೆ, ದನಿಯ ಚಿಪ್ಪನ್ನು ಈಗ ಭೂಮಿಯ ಮೇಲೆ ಯಾರೂ ಮಾಡುವುದಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿ ನನಗೆ ಮೈ ಉರಿಯಿತು. ಅದರೊಳಗೆಲ್ಲ ಕರಿ ಅರಗು ಸುರಿದು ಗಟ್ಟಿ ಮಾಡಿದ್ದಾರೆ ಅಕ್ಕಾ! ಬಿಚ್ಚಬಾರದು, ನೋಡಬಾರದು, ಸರಿಮಾಡಬಾರದು. ಕೆಟ್ಟಾಗ ಜೊತೆಯಲ್ಲಿದ್ದದ್ದನ್ನೂ ಕೊಂದು ಸಾಯಬೇಕು. ಬಿಚ್ಚಲಾಗದ ವಸ್ತುವನ್ನು ಮಾರುವವನು ವಸ್ತುವನ್ನು ಮಾರುತ್ತಿಲ್ಲ, ಅದರ ಸಾವನ್ನು ಮುಂಗಡವಾಗಿ ಮಾರುತ್ತಿದ್ದಾನೆ. ಇದು ಯಾವ ಕರಪತ್ರದಲ್ಲೂ ಇಲ್ಲ, ನಾನೇ ಬರೆದಿದ್ದು. ಮುಂದಿನ ತಿಂಗಳು ಅಚ್ಚಾಗುತ್ತದೆ.

ಬಳಸುವವರನ್ನು ಕೇಳದೆ ಏನನ್ನೂ ತೀರ್ಮಾನಿಸಬಾರದು ಎಂಬುದು ನನ್ನ ನಿಯಮವಾದ್ದರಿಂದ ಮನೆಯಲ್ಲಿ ಸಭೆ ಕರೆದೆ. ನಗಬೇಡ. ಅಪ್ಪ ಶಾಲೆಯ ಬಸ್ಸು ನಿಲ್ಲಿಸಿ ಬರುವವರೆಗೆ ಕಾದು, ಅಮ್ಮ ಕನ್ನಡಕದ ಅಂಗಡಿಯಿಂದ ಬಂದು ಕಾಲು ಚಾಚಿದ ಮೇಲೆ, ವಿಷಯವನ್ನು ಮುಂದಿಟ್ಟೆ. ನಮ್ಮ ಮುಂದೆ ಇದ್ದ ದಾರಿಗಳು ಕೆಲವು. ಹಳೆಯ ಇಟ್ಟಿಗೆಯನ್ನೇ ದೇವರ ಮೇಲೆ ಭಾರ ಹಾಕಿ ಬಳಸುವುದು. ದೊಡ್ಡ ರಸ್ತೆಯ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹೊಸದನ್ನು ತರುವುದು. ನಮ್ಮ ಮುದ್ರಣಾಲಯದವರು ಬಿಸಾಡಿದ ಆಫೀಸು ಕಂಪ್ಯೂಟರಿನೊಳಗಿನ ಸಪ್ಲೈಯನ್ನು ತೆಗೆದು ಇದಕ್ಕೆ ಜೋಡಿಸುವುದು. ನಾನು ಇನ್ನೂ ಮಾತು ಮುಗಿಸಿರಲಿಲ್ಲ, ಅಪ್ಪ ಜೇಬಿನಿಂದ ಫೋನಿನ ಚಾರ್ಜರ್ ತೆಗೆದು ಮೇಜಿನ ಮೇಲಿಟ್ಟ. "ಐದು ವೋಲ್ಟ್ ತಾನೇ? ಇದರ ಮೇಲೂ ಐದು ಅಂತಾನೇ ಬರೆದಿದೆ, ಓದು. ಅಳಿಯ ಅಲ್ಲ, ಮಗಳ ಗಂಡ!" ವೋಲ್ಟು ಬೇರೆ, ಆಂಪಿಯರು ಬೇರೆ, ನಲ್ಲಿಯ ನೀರಿನ ಒತ್ತಡ ಸರಿಯಿದ್ದರೂ ಪೈಪು ಬೆರಳಿನಷ್ಟು ಸಣ್ಣದಿದ್ದರೆ ಬೀದಿಗೆಲ್ಲ ನೀರು ಸಾಲದು ಎಂದು ನಾನು ವಿವರಿಸಿದೆ. "ಹಾಗಾದ್ರೆ ಎರಡು ಚಾರ್ಜರ್ ಹಾಕು" ಎಂದ. ಅಮ್ಮ ಅವನ ಚಾರ್ಜರನ್ನು ಮರಳಿ ಅವನ ಜೇಬಿಗೆ ತುರುಕಿ ಸಭೆಯನ್ನು ಉಳಿಸಿದಳು.

ಅಂಗಡಿಯದನ್ನು ನಾನು ಹೋಗಿ ನೋಡಿ ಬಂದಿದ್ದೆ. ಚೆಂದವಾಗಿದೆ, ಸುಳ್ಳು ಹೇಳಬಾರದು. ಹಗುರ, ತಣ್ಣಗೆ ಇರುತ್ತದೆ, ಕೊಡಬೇಕಾದ್ದೆಲ್ಲ ಕೊಡುತ್ತದೆ. ಆದರೆ ಸುತ್ತ ಅಂಟು. ಒಂದು ಸ್ಕ್ರೂ ಇಲ್ಲ. ಅಂಗಡಿಯವನನ್ನು ಕೇಳಿದರೆ, "ಕೆಟ್ರೆ ಬಿಸಾಕಿ ಹೊಸದು ತಗೊಳ್ಳಿ ಮೇಡಂ, ಯಾಕೆ ತಲೆನೋವು" ಎಂದ. ನನಗೆ ತಲೆನೋವು ಬಂದದ್ದೇ ಆ ಮಾತಿನಿಂದ. ನಾನು ಅಲ್ಲಿಯೇ ಅವನಿಗೆ ಸಣ್ಣದೊಂದು ಭಾಷಣ ಮಾಡಿದೆ. ಸರದಿಯಲ್ಲಿ ನಿಂತಿದ್ದ ಒಬ್ಬಾಕೆ ತನ್ನ ಕೆಟ್ಟ ಹೇರ್ ಡ್ರೈಯರನ್ನು ಚೀಲಕ್ಕೆ ವಾಪಸು ಹಾಕಿಕೊಂಡು ನನ್ನ ಜೊತೆ ಹೊರಬಂದರು. ಅದನ್ನು ಈಗ ನಮ್ಮ ದುರಸ್ತಿ ಬಳಗದಲ್ಲಿ ಬಿಚ್ಚಿಟ್ಟಿದ್ದೇವೆ. ಅಂಟಿನ ವಿಷಯವನ್ನು ಸಭೆಗೆ ಹೇಳಿ ಕೈ ಎತ್ತಿಸಿದೆ. ಬಿಸಾಡಿದ್ದನ್ನು ಬದುಕಿಸುವುದಕ್ಕೆ ಮೂರು ಮತ. ಅಜ್ಜಿ ಮಾತ್ರ ಹಳೆಯ ಇಟ್ಟಿಗೆಗೆ ಕೈ ಎತ್ತಿದಳು: "ಪಾಪ, ಇಷ್ಟು ವರ್ಷ ದುಡಿದಿದೆ. ನಾನು ಎತ್ತದೆ ಇದ್ರೆ ಅದಕ್ಕೆ ಯಾರೂ ಇಲ್ಲ." ಬಹುಮತ ಸ್ಪಷ್ಟವಾಗಿತ್ತು. ನಾನು ಹೆಮ್ಮೆಯಿಂದ ಬೀಗಿದೆ. ಹೀಗೆ ಪವರ್ ಸಪ್ಲೈಯನ್ನು ಚುನಾಯಿಸಿದ ಕುಟುಂಬ ನಮ್ಮದೊಂದೇ ಇರಬೇಕು.

ಚುನಾಯಿತ ಸಪ್ಲೈಯನ್ನು ಜೋಡಿಸಲು ನಮ್ಮ ಬಳಗದ ಫ್ಯೂಸ್ ಬಂದ. ಅವನ ಹೆಸರಿಗೆ ಕಾರಣ ವಿದ್ಯುತ್ತಲ್ಲ, ಸಿಟ್ಟು: ಎರಡು ಮಾತು ಹೆಚ್ಚಾದರೆ ಹಾರಿಬಿಡುತ್ತಾನೆ, ಐದು ನಿಮಿಷದಲ್ಲಿ ತಾನೇ ವಾಪಸು ಬರುತ್ತಾನೆ. ಇಬ್ಬರೂ ಸೇರಿ ತಂತಿ ಬೆಸೆದೆವು. ಇಂಥ ಸಪ್ಲೈಗೆ ಸ್ವಲ್ಪ ಹೊರೆ ಇಲ್ಲದಿದ್ದರೆ ನಡಿಗೆ ನೆಟ್ಟಗಿರುವುದಿಲ್ಲವಂತೆ. ಅದಕ್ಕೊಂದು ಬೈಕಿನ ಬಲ್ಬು ಕಟ್ಟಿದೆವು. ಮೀಟರ್ ಹಿಡಿದರೆ ಐದು, ಅಲುಗಾಡದ ಐದು. ಕಂಪ್ಯೂಟರಿಗೆ ಚುಚ್ಚಿ ಸ್ವಿಚ್ ಹಾಕಿದೆ. ಟಿವಿಯ ಮೇಲೆ ನೀಲಿ ಪರದೆ ಬಂತು, ಅಕ್ಷರ ಬಂತು, ಅಜ್ಜಿಯ ಹಾಡುಗಳ ಪಟ್ಟಿ ಬಂತು. ಅಪ್ಪ ಚಪ್ಪಾಳೆ ತಟ್ಟಿದ. ಅಜ್ಜಿ ಮುಂದೆ ಬಂದು ಕೂತು, ಕೈ ಒರೆಸಿಕೊಂಡು, ಹಾಡು ಶುರುವಾಗುವ ಕೀಲಿ ಒತ್ತಿದಳು.

ಏನೂ ಕೇಳಲಿಲ್ಲ. ಮತ್ತೊಮ್ಮೆ ಒತ್ತಿದಳು. ಟಿವಿಯ ದನಿ ಏರಿಸಿದೆವು, ವೈರು ಅಲುಗಿಸಿದೆವು. ಸ್ವರಗಳ ಸಾಲು ಪರದೆಯ ಮೇಲೆ ಮೊದಲ ಚುಕ್ಕೆಯಲ್ಲೇ ನಿಂತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ದನಿಯ ಚಿಪ್ಪನ್ನು ಕೊಂದುಬಿಟ್ಟೆ ಎಂದೇ ನಾನು ತಿಳಿದೆ. ಫ್ಯೂಸ್ ಹಾರಿದ, ಬಾಗಿಲು ಬಡಿದು ಅಂಗಳಕ್ಕೆ ಹೋದ. ಅಜ್ಜಿ ಪರದೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ಬಿಡು ಮಗಾ. ನನ್ನ ಕೈ ಹೋದಾಗಲೂ ಹೀಗೇ ಇತ್ತು. ಎಲ್ಲಾ ಕಾಣ್ತಿತ್ತು, ಕೇಳ್ತಿರ್ಲಿಲ್ಲ." ಅಕ್ಕಾ, ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಡ್ರಮ್ಮಿನವರಿಗೆ ಫೋನ್ ಮಾಡಿ ಶನಿವಾರ ಬೇಡ ಎಂದು ಹೇಳೋಣ ಎಂದು ಎದ್ದಳು. ನಾನು ಫೋನನ್ನೇ ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡೆ.

ಐದು ನಿಮಿಷದ ಮೇಲೆ ಫ್ಯೂಸ್ ತಣ್ಣಗಾಗಿ ಒಳಬಂದು ಹಳೆಯ ಇಟ್ಟಿಗೆಯನ್ನು ಕೈಗೆತ್ತಿಕೊಂಡ. ಅದರ ಹೊಟ್ಟೆಯ ಮೇಲಿನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದು ಐದು ಮಾತ್ರ ಕೊಡಲ್ವಲ್ಲೇ" ಎಂದ. ನಿಜ! ಐದು ವೋಲ್ಟಿನ ಜೊತೆಗೆ ಒಂಬತ್ತು ವೋಲ್ಟಿನ ಎಸಿ, ಅಂದರೆ ಗೋಡೆಯ ಕರೆಂಟಿನ ಹಾಗೆಯೇ ತೂಗಾಡುವ ಇನ್ನೊಂದು ಬಗೆಯ ಕರೆಂಟು. ದನಿಯ ಚಿಪ್ಪು ಉಣ್ಣುವುದು ಅದನ್ನು. ನೀನು ಬರೆದ ಪ್ರೋಗ್ರಾಂ ತಾಳ ಎಣಿಸುವುದೂ ಅದೇ ತೂಗಾಟದಿಂದ. ನಾವು ಮೂರು ಜನ ಕೈ ಎತ್ತಿ ಆರಿಸಿದ ಸಪ್ಲೈ ಒಂದೇ ಬಗೆಯದನ್ನು ಕೊಡುತ್ತದೆ. ಬಿಸಾಡಿದ ಆಫೀಸು ಕಂಪ್ಯೂಟರಿಗೆ ಇನ್ನೊಂದು ಬೇಕಿರಲೇ ಇಲ್ಲ. ಅಂದರೆ ಚಿಪ್ಪು ಸತ್ತಿರಲಿಲ್ಲ, ಹಸಿದಿತ್ತು. ಬಹುಮತದ ಬಗ್ಗೆ ನನಗಿರುವ ಗೌರವ ಹಾಗೆಯೇ ಇದೆ. ಆದರೆ ಮತ ಹಾಕುವ ಮುಂಚೆ ಹಸಿದವರನ್ನು ನಿಮಗೇನು ಬೇಕು ಎಂದು ಕೇಳಬೇಕು ಎಂಬ ಒಂದು ಸಾಲನ್ನು ನನ್ನ ಕರಪತ್ರಕ್ಕೆ ಸೇರಿಸಿದ್ದೇನೆ.

ಪರೀಕ್ಷೆಗೆ ಆ ಹೊತ್ತಿನಲ್ಲಿ ಎಸಿ ಎಲ್ಲಿಂದ ತರುವುದು? ಫ್ಯೂಸನ ಕಣ್ಣು ಬಾಗಿಲ ಮೇಲಿನ ಕಾಲಿಂಗ್ ಬೆಲ್ಲಿನ ಟ್ರಾನ್ಸ್‌ಫಾರ್ಮರಿನ ಮೇಲೆ ಬಿತ್ತು. ಅದು ಕೊಡುವುದು ಎಂಟು ವೋಲ್ಟು, ಎಸಿಯೇ. ಎರಡು ಉದ್ದ ವೈರು ಎಳೆದು ತಂದೆವು. ಅಜ್ಜಿ ಕೀಲಿ ಒತ್ತಿದಳು. ಮೊದಲು ಒಂದು ಗೊರಗೊರ ಸದ್ದು, ಆಮೇಲೆ ಹಾಡು! ಹಳೆಯ ನೃತ್ಯದ ಹಾಡು, ಮೂರು ದನಿಯಲ್ಲಿ. ಅಜ್ಜಿ ಕುರ್ಚಿಯ ಹಿಡಿಯ ಮೇಲೆ ಗಂಟು ಬೆರಳಿನಿಂದ ತಾಳ ಹಾಕತೊಡಗಿದಳು. ಅಷ್ಟರಲ್ಲಿ ಹಾಡು ಇದ್ದಕ್ಕಿದ್ದಂತೆ ಮುಗ್ಗರಿಸಿತು, ಮೂರೂ ದನಿ ಒಟ್ಟಿಗೆ ನರಳಿದವು, ಬಾಗಿಲಲ್ಲಿ ಬೆಲ್ಲು ಕೆಮ್ಮಿತು. ಚಪ್ಪಾಳೆ ತಟ್ಟಿ ಸಿಗರೇಟು ತರಲು ಹೋಗಿದ್ದ ಅಪ್ಪ ವಾಪಸು ಬಂದಿದ್ದ. "ಬೆಲ್ಲಿಗೆ ಏನು ಮಾಡಿದ್ರಿ? ನಾನು ಒತ್ತಿದ್ರೆ ಯಾರೋ ಒಳಗೆ ಸಾಯ್ತಿರೋ ಹಾಗೆ ಕೇಳ್ಸುತ್ತೆ!" ಅಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತಳು. ಅಜ್ಜಿ ಅಪ್ಪನಿಗೆ, "ಇನ್ನು ಮೇಲೆ ಮನೆಗೆ ಬರೋವಾಗ ತಾಳಕ್ಕೆ ಸರಿಯಾಗಿ ಒತ್ತು" ಎಂದಳು.

ಆಮೇಲೆ ನಾವು ಹೊಸದಾಗಿಯೇ ಕಟ್ಟಲು ನಿರ್ಧರಿಸಿದೆವು. ಬಳಗದ ಕಪಾಟಿನಲ್ಲಿ ಸತ್ತ ಆಂಪ್ಲಿಫೈಯರ್ ಒಂದರ ಟ್ರಾನ್ಸ್‌ಫಾರ್ಮರ್ ಇತ್ತು, ಕಲ್ಲಂಗಡಿಯಷ್ಟು ತೂಕ. ಅದರ ಒಂದು ಸುರುಳಿಯಿಂದ ನೇರವಾಗಿ ಒಂಬತ್ತು ವೋಲ್ಟಿನ ಎಸಿ, ಇನ್ನೊಂದರಿಂದ ಸೋಸಿ ಇಳಿಸಿ ಐದು. ನೀನು ಸೇರಿಸಿದ ಬೋರ್ಡು, ಮೆಮೊರಿ, ಕಾರ್ಡು ಎಲ್ಲಕ್ಕೂ ಉಣ್ಣಿಸಿ ಇನ್ನೂ ಅರ್ಧದಷ್ಟು ಮಿಗುವ ಹಾಗೆ ಲೆಕ್ಕ ಹಾಕಿದೆವು. ಹೊಟ್ಟೆ ಬಿರಿಯುವವರೆಗೆ ದುಡಿಸುವುದು ಮನುಷ್ಯರಿಗೂ ತಪ್ಪು, ಯಂತ್ರಕ್ಕೂ ತಪ್ಪು. ಜೊತೆಗೊಂದು ಕಾವಲುಗಾರನನ್ನು ಕೂರಿಸಿದ್ದೇವೆ: ಐದು ವೋಲ್ಟು ಸ್ವಲ್ಪ ಏರಿದರೂ ಅದು ತನ್ನ ಫ್ಯೂಸನ್ನೇ ಸುಟ್ಟುಕೊಂಡು ಕಂಪ್ಯೂಟರಿಗೆ ಕರೆಂಟು ಹೋಗದಂತೆ ನಿಲ್ಲಿಸಿಬಿಡುತ್ತದೆ. ಇದನ್ನು ಕೇಳಿ ನಮ್ಮ ಫ್ಯೂಸ್ ಎದೆಯುಬ್ಬಿಸಿ, "ನೋಡಿದ್ರಾ, ಹಾರೋದ್ರಲ್ಲೂ ಸೇವೆ ಇದೆ" ಎಂದ. ರೊಟ್ಟಿ ಇಡುವ ಹಳೆಯ ತಗಡಿನ ಡಬ್ಬಿಯೊಳಗೆ ಎಲ್ಲ ಕೂತಿದೆ, ಗಾಳಿಗೆ ತೂತು ಕೊರೆದಿದ್ದೇವೆ, ನಾಲ್ಕು ಮೂಲೆಗೂ ಸ್ಕ್ರೂ. ಮುಚ್ಚಳದ ಒಳಗೆ ನಕ್ಷೆ ಅಂಟಿಸಿದ್ದೇನೆ, ನಾಳೆ ಯಾರು ಬಿಚ್ಚಿದರೂ ಅರ್ಥವಾಗಲಿ ಎಂದು. ಕಂಪ್ಯೂಟರಿಗೆ ಚುಚ್ಚುವ ಮುನ್ನ ಕಾರಿನ ಬಲ್ಬುಗಳನ್ನು ಹೊರೆಯಾಗಿ ಹಾಕಿ ಒಂದು ಹಗಲು ಪೂರ್ತಿ ಉರಿಸಿದೆವು. ಅಮ್ಮ ಆಗಾಗ ಬಂದು ಮೀಟರ್ ನೋಡಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಡಬ್ಬಿ ಮುಟ್ಟಿ, "ಬೆಚ್ಚಗಿದೆ, ಅಷ್ಟೇ" ಎಂದು ಹೋಗುತ್ತಿದ್ದಳು.

ನಿನ್ನೆ ಶನಿವಾರ. ಸಭಾಂಗಣದ ತುಂಬ ಈಜುಕೊಳದ ಕ್ಲೋರಿನ್ ವಾಸನೆ, ಮಡಚುವ ಕುರ್ಚಿಗಳು, ಒದ್ದೆ ಕೂದಲಿನ ಮಕ್ಕಳು. ಅಜ್ಜಿಯ ಓರಗೆಯವರು ಎಷ್ಟೊಂದು ಜನ ಬಂದಿದ್ದರು ಗೊತ್ತಾ, ಕೋಲೂರಿಕೊಂಡು, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು. ವೇದಿಕೆಯ ಮೇಲೆ ನಿನ್ನ ಕಂದು ಪೆಟ್ಟಿಗೆ, ಪಕ್ಕದಲ್ಲಿ ರೊಟ್ಟಿ ಡಬ್ಬಿ. ಯಾರೋ ಒಬ್ಬರು ಆ ಡಬ್ಬಿಯಲ್ಲಿ ತಿಂಡಿ ಇದೆ ಎಂದುಕೊಂಡು ಮುಚ್ಚಳ ಎತ್ತಲು ಹೋದರು. ಫ್ಯೂಸ್ ಹಾರಿದ, ವಾಪಸು ಬಂದ. ಅಜ್ಜಿ ತನ್ನ ನೀಲಿ ಅಂಗಿ ಹಾಕಿಕೊಂಡು ಕೀಲಿ ಒತ್ತಿದಳು. ಮೊದಲ ಹಾಡಿನಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಡ್ರಮ್ಮಿನವರಿಗೆ ಪ್ರತಿ ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುವ ಚಾಳಿ, ಕಂಪ್ಯೂಟರಿಗೆ ಯಾರನ್ನೂ ಕಾಯುವ ಚಾಳಿಯೇ ಇಲ್ಲ. "ರೀ, ಇವನಿಗೆ ಸ್ವಲ್ಪ ನಿಧಾನ ಅಂತ ಹೇಳ್ರೀ!" ಎಂದು ಅವರು ಡ್ರಮ್ಮಿನ ಹಿಂದಿನಿಂದ ಕೂಗಿದರು. ಅಜ್ಜಿ ಅಲ್ಲಿಂದಲೇ, "ನಲವತ್ತು ವರ್ಷದಿಂದ ನಾನು ನಿಮ್ಮನ್ನ ಕಾದೆ. ಇವನು ಕಾಯಲ್ಲ, ನೀವೇ ಓಡಿ" ಎಂದಳು. ಇಡೀ ಸಭಾಂಗಣ ಹೋ ಎಂದಿತು. ಎರಡನೆಯ ಹಾಡಿಗೆ ಅವರು ಓಡಿದರು ಅಕ್ಕಾ! ಮೂರನೆಯದಕ್ಕೆ ಕುರ್ಚಿಗಳನ್ನು ಗೋಡೆಗೆ ಸರಿಸಿ ಜನ ಕುಣಿದರು. ಅಪ್ಪ ಅಮ್ಮನೂ ಕುಣಿದರು. ಅಪ್ಪ ಬಸ್ಸು ಹಿಂದಕ್ಕೆ ತೆಗೆಯುವ ಹಾಗೆ ಕುಣಿಯುತ್ತಾನೆ, ಎರಡು ಸಲ ಹಿಂದೆ ನೋಡಿ ಒಂದು ಹೆಜ್ಜೆ.

ಕ್ಲಾರಿನೆಟ್ಟಿನವರು ಒಂಟಿಯಾಗಿ ನುಡಿಸುವ ಜಾಗ ಬಂದಾಗ ಅಜ್ಜಿ ಎರಡು ಕೈಯನ್ನೂ ಕಂಪ್ಯೂಟರಿನ ಮೇಲಿಟ್ಟು ಕಣ್ಣು ಮುಚ್ಚಿದ್ದಳು. ಕೆಳಗಿನ ದನಿಯಲ್ಲಿ ಅವಳ ಎಡಗೈ ಬಾರಿಸುತ್ತಿತ್ತು, ಅಂದರೆ ಅವಳು ಒಂದೊಂದಾಗಿ ಒತ್ತಿಟ್ಟ ಆ ಎಡಗೈ. ಅವಳ ಮುಖವನ್ನು ನಾನು ಬೆಟ್ಟದ ಮೇಲಿರುವ ನಿನಗೆ ಹೇಗೆ ಬರೆಯಲಿ? ಸೀಟಿ ಹೊಡೆಯಲು ಕಲಿತ ಮಗುವಿನ ಮುಖ ನೋಡಿದ್ದೀಯಲ್ಲ, ಹಾಗಿತ್ತು. ಮುಗಿದ ಮೇಲೆ ಈಜುಕೊಳದ ಮೇಲ್ವಿಚಾರಕಿ ಓಡಿ ಬಂದು, "ಪ್ರತಿ ತಿಂಗಳೂ ಮಾಡಿ, ಹಾಲ್ ನಿಮ್ಮದೇ" ಎಂದರು. ಡ್ರಮ್ಮಿನವರು "ಆಗ್ಲಿ ಆಗ್ಲಿ" ಎಂದು ಕುಣಿದಾಡಿದರು. ಅಜ್ಜಿ ಪ್ಲಗ್ಗುಗಳನ್ನು ಎಣಿಸುತ್ತಾ, "ಈಗ ಹೇಳೋಕಾಗಲ್ಲ, ಆ ಪೆಟ್ಟಿಗೆ ನನ್ನದಲ್ಲ" ಎಂದಳು.

ಇವತ್ತು ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿದ್ದಳು. ಕೀಲಿಗಳ ನಡುವಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದಿದ್ದಾಳೆ, ಸುತ್ತಲೂ ತುಂಬಲು ತನ್ನ ಉಣ್ಣೆಯ ಶಾಲನ್ನೇ ಕೊಟ್ಟಿದ್ದಾಳೆ. "ಬೆಟ್ಟದ ಮೇಲೆ ಅವಳಿಗೆ ಶಾಲೂ ಆಯ್ತು." ಹಾಡು ಗುನುಗುತ್ತಾ, ನಗುತ್ತಾ, ಎಲ್ಲ ಮಾಡುತ್ತಿದ್ದಾಳೆ. ಈಗ ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಕೇಳುತ್ತಿದೆ. ಮಧ್ಯಾಹ್ನದ ತಟ್ಟೆಗಳನ್ನು ಅಮ್ಮ ಆಗಲೇ ತೊಳೆದಿಟ್ಟಿದ್ದಳು.

ಈ ಕಾಗದ ನಾಳೆಯ ಟಪಾಲು ಜೀಪಿನಲ್ಲಿ ಹೊರಡುತ್ತದೆ. ಮೈ ಹುಷಾರು. ಕಿವಿಗೆ ಬಟ್ಟೆ, ಹಿಮ್ಮಡಿಗೆ ಮುಲಾಮು, ಬ್ಯಾರೋಮೀಟರ್ ಅವರಿಗೆ ಅಪ್ಪನ ವೃತ್ತಿಪರ ನಮಸ್ಕಾರ. ಅಜ್ಜಿ ನಿನಗೆ ನೂರು ಕಾಲ ಬಾಳು ಎಂದಿದ್ದಾಳೆ, ಅಮ್ಮ ಬಿಸಿ ಊಟ ಮಾಡು ಎಂದಿದ್ದಾಳೆ. ನಾನು ಏನು ಹೇಳಲಿ, ಬೆಟ್ಟದ ಮೇಲಿನವರೆಲ್ಲ ಸೇರಿ ಒಂದು ಸಂಘ ಕಟ್ಟಿ, ಇಬ್ಬರೇ ಇದ್ದರೂ ಪರವಾಗಿಲ್ಲ.

ಪ್ರೀತಿಯಿಂದ,
ನಿನ್ನ ತಂಗಿ
(ಮನೆಯವರ ಬಾಯಲ್ಲಿ ಈಗಲೂ 'ಭಾಷಣ')

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅಜ್ಜಿ ಒಳಗಿದ್ದಾಳೆ, ಬೇಗ ಬರೆಯುತ್ತೇನೆ. ನಾವು ಕಟ್ಟಿದ ಡಬ್ಬಿ ನಿನ್ನ ಜನರೇಟರಿಗೆ ಆಗುವುದಿಲ್ಲ. ಕರೆಂಟು ಸ್ವಲ್ಪ ಕುಸಿದರೂ ಅದು ಐದನ್ನು ಹಿಡಿದಿಡಲಾರದು, ಕಂಪ್ಯೂಟರ್ ಕ್ಷಣಕ್ಕೊಮ್ಮೆ ಸತ್ತು ಹುಟ್ಟುತ್ತದೆ. ಅಂಗಡಿಯದ್ದು ಆಗುತ್ತಿತ್ತು, ಎಂಥ ಓಲಾಟವನ್ನೂ ತಾಳುತ್ತದೆ ಎಂದು ಅದರ ಮೇಲೇ ಬರೆದಿತ್ತು, ನಾನು ಓದಿದೆ. ಸಭೆಯಲ್ಲಿ ಅದನ್ನು ಹೇಳಲಿಲ್ಲ, ಅಂಟಿನ ವಿಷಯ ಮಾತ್ರ ಹೇಳಿದೆ. ಅಂಟಿನ ಮೇಲಿನ ಸಿಟ್ಟು ನಿಜವೇ. ಆದರೆ ಬೆಟ್ಟ ಹತ್ತಲಾಗದಂಥದ್ದನ್ನು ಕಟ್ಟಿದ್ದು ಗೊತ್ತಿದ್ದೇ. ಚಳಿಗಾಲ ಅಲ್ಲಿ ಎಷ್ಟು ಉದ್ದ ಎಂದು ನನಗೆ ಗೊತ್ತು ಅಕ್ಕಾ, ನಿನ್ನದನ್ನೇ ನಿನ್ನ ಹತ್ತಿರ ಬೇಡುತ್ತಿದ್ದೇನೆ. ಅಜ್ಜಿ ತಾನಾಗಿ ಎಂದೂ ಕೇಳುವವಳಲ್ಲ, ನಾವು ಕೊಡಿಸಿದರೂ ತೆಗೆದುಕೊಳ್ಳುವವಳಲ್ಲ. ನೀನೇ ಹೇಳಬೇಕು. ನಿನಗೆ ಅದು ಈಗ ಬೇಕಾಗಿಲ್ಲ, ಕೇಂದ್ರದವರು ಬೇರೆ ಕಂಪ್ಯೂಟರ್ ಕೊಟ್ಟಿದ್ದಾರೆ, ಇದನ್ನು ಇಡಲು ಜಾಗವೂ ಇಲ್ಲ ಎಂದು ಹೇಳು. ಸುಳ್ಳು ಹೇಳು ಅಕ್ಕಾ. ಚೆನ್ನಾಗಿ ಹೇಳು, ನನಗೆ ಅಭ್ಯಾಸವಿಲ್ಲ. ಆಗದು, ಅದು ನನಗೆ ಬೇಕೇ ಬೇಕು ಎಂದರೆ ಅದನ್ನೂ ನೇರವಾಗಿ ಹೇಳು. ನಾನೇ ಹೋಗಿ ಅಂಗಡಿಯದ್ದನ್ನು ತಂದು ಜೊತೆಗಿಟ್ಟು ಲಾರಿಗೆ ಹಾಕುತ್ತೇನೆ, ಮುಖ ಗಂಟಿಕ್ಕುವುದಿಲ್ಲ. ಲಾರಿ ಹೊರಡುವುದು ಮುಂದಿನ ಶನಿವಾರ. ನಿನ್ನ ಕರೆ ಶುಕ್ರವಾರ. ಅವತ್ತು ಫೋನನ್ನು ಅಜ್ಜಿಯೇ ಎತ್ತುವ ಹಾಗೆ ಮಿಕ್ಕವರನ್ನೆಲ್ಲ ನಾನು ಹೊರಗೆ ಕರೆದೊಯ್ಯುತ್ತೇನೆ. ಅವಳು ಹಲೋ ಅನ್ನುತ್ತಲೇ ಹೇಳಿಬಿಡು, ಹವಾಮಾನದ ಸುದ್ದಿ ಆಮೇಲೆ.